ಕಾರಿನಲ್ಲಿ ಪಾಕದ ವಾಸನೆ

"ಅಮ್ಮಾ, ಕಾರಲ್ಲಿ ಪಾಕದ ವಾಸನೆ ಬರ್ತಿದೆ."

ಎಂಟು ವರ್ಷದ ಮಗಳು ಇದನ್ನು ಮೊದಲ ಸಲ ಹೇಳಿದ್ದು ಒಂದು ಸಂಜೆ, ಜಲಾನ್ ತುನ್ ಸಂಬಂದನ್‌ನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ. ಬ್ರಿಕ್‌ಫೀಲ್ಡ್ಸ್‌ನಲ್ಲಿ ಸಿಹಿ ವಾಸನೆ ಬಂದರೆ ಯಾರೂ ಕಾರಣ ಹುಡುಕುವುದಿಲ್ಲ. ಒಂದು ಕಡೆ ಮಿಠಾಯಿ ಅಂಗಡಿ, ಇನ್ನೊಂದು ಕಡೆ ಮಲ್ಲಿಗೆ ಹಾರ, ನಡುವೆ ಅಗರಬತ್ತಿ. "ಯಾರೋ ಲಾಡು ಮಾಡ್ತಿರ್ಬೇಕು ಪುಟ್ಟಿ" ಅಂದೆ. ಆಮೇಲೆ ಇನ್ನೆರಡು ಸಲ ಹೇಳಿದಳು. ಒಮ್ಮೆ ಶಾಲೆಗೆ ಬಿಡುವಾಗ, ಇನ್ನೊಮ್ಮೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸಿದ ಮೇಲೆ. ಬೇಸ್‌ಮೆಂಟಿನಲ್ಲಿ ಯಾರೂ ಲಾಡು ಮಾಡುವುದಿಲ್ಲ. ಆದರೂ ನನಗೆ ಹೊಳೆಯಲಿಲ್ಲ. ಅವಳ ಬಾಯಲ್ಲಿ 'ಪಾಕ' ಎಂಬ ಶಬ್ದ ಬಂತಲ್ಲ ಎಂಬ ಖುಷಿಯಲ್ಲೇ ಇದ್ದೆ. ರಾತ್ರಿ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೂ ಹೇಳಿ ಹೆಮ್ಮೆಪಟ್ಟೆ.

ಎರಡು ವಾರದ ನಂತರ, ಶನಿವಾರ ಬೆಳಿಗ್ಗೆ, ನಾಲ್ಕೂ ಜನ ಬೆಂಟೋಂಗ್‌ಗೆ ಹೊರಟೆವು. ಗೊಂಬಾಕ್ ಟೋಲ್ ದಾಟಿದರೆ ಕರಾಕ್ ಹೆದ್ದಾರಿ ಗೆಂಟಿಂಗ್ ಸೆಂಪಾ ಸುರಂಗದವರೆಗೆ ಏರುತ್ತಲೇ ಹೋಗುತ್ತದೆ. ಕಾರು ಓಡಿಸುತ್ತಿದ್ದವಳು ನಾನು. ಅರ್ಧ ಏರು ಹತ್ತಿರಬೇಕು, ಹಿಂದಿನ ಸೀಟಿನಿಂದ ನಾಲ್ಕು ವರ್ಷದ ಮಗ "ಸೆಕೆ, ಸೆಕೆ" ಎಂದು ಶುರುಮಾಡಿದ. ಎಸಿ ಫುಲ್ ಇದೆ, ಆದರೆ ಬರುತ್ತಿರುವುದು ಬೆಚ್ಚಗಿನ ಗಾಳಿ. ಎಸಿ ಗ್ಯಾಸ್ ಮುಗಿದಿರಬೇಕು ಅಂದುಕೊಂಡೆ. ಇನ್ನೊಂದು ತಿರುವು ದಾಟುವಷ್ಟರಲ್ಲಿ ಮಗಳು ಮುಂದಕ್ಕೆ ಬಾಗಿ "ಅಮ್ಮಾ, ಕೆಂಪು ದೀಪ!" ಅಂದಳು. ನೀರಿನ ಅಲೆಯ ಮೇಲೆ ನಿಂತ ಥರ್ಮಾಮೀಟರಿನ ಚಿತ್ರ. ನಮ್ಮ ಮನೆಯಲ್ಲಿ ಅದಕ್ಕೆ 'ಸ್ನಾನ ಮಾಡೋ ಕೀಲಿಕೈ' ಎಂದು ಹೆಸರು.

ಬೆಚ್ಚಗಿನ ಎಸಿಯೇ ಮೊದಲ ಎಚ್ಚರಿಕೆಯಾಗಿತ್ತು. ಎಂಜಿನ್ ಅತಿಯಾಗಿ ಕಾದಾಗ ಅದರ ಮೇಲಿನ ಹೊರೆ ಇಳಿಸಲು ಅನೇಕ ಕಾರುಗಳ ಕಂಪ್ಯೂಟರ್ ತಾನಾಗಿ ಎಸಿ ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ. ಈ ಊರಿನ ಸೆಕೆಯಲ್ಲಿ ಎಸಿ ಕೈಕೊಟ್ಟರೆ ನಾವು ಎಸಿಯನ್ನೇ ಬೈಯುತ್ತೇವೆ, ಎಂಜಿನ್ನಿನ ಕಡೆ ನೋಡುವುದಿಲ್ಲ.

ಎಡಕ್ಕೆ ತಂದು, ಹಜಾರ್ಡ್ ಲೈಟ್ ಹಾಕಿ, ಎಂಜಿನ್ ಆಫ್ ಮಾಡಿದೆ. ಮಕ್ಕಳನ್ನು ಎಡಬಾಗಿಲಿನಿಂದ ಇಳಿಸಿ ಕಬ್ಬಿಣದ ತಡೆಬೇಲಿಯ ಆಚೆ ನಿಲ್ಲಿಸಿದೆವು. ಹೆದ್ದಾರಿಯ ಅಂಚಿನಲ್ಲಿ ನಿಂತ ಕಾರಿನ ಒಳಗೆ ಕೂತಿರುವುದು ಕಾದ ಎಂಜಿನ್ನಿಗಿಂತ ದೊಡ್ಡ ಅಪಾಯ. ನಮ್ಮವರು ಅಷ್ಟರಲ್ಲಿ ಫೋನು ತೆಗೆದು ಯಾವುದೋ ಅಮೆರಿಕದ ವಿಡಿಯೋ ನೋಡುತ್ತಿದ್ದರು.

"ಹೀಟರ್ ಫುಲ್ ಇಟ್ಟರೆ ಎಂಜಿನ್ ಬಿಸಿ ಇಳಿಯುತ್ತಂತೆ ನೋಡು."

"ರೀ, ಈ ಕಾರಲ್ಲಿ ಹೀಟರ್ ಎಲ್ಲಿದೆ?"

ಉಪಾಯ ಸುಳ್ಳಲ್ಲ. ಹೀಟರಿನ ಒಳಗೂ ಅದೇ ಬಿಸಿ ಕೂಲೆಂಟ್ ಹರಿಯುತ್ತದೆ, ಹಾಗಾಗಿ ಅದು ಇನ್ನೊಂದು ಪುಟ್ಟ ರೇಡಿಯೇಟರಿನಂತೆ ಕೆಲಸ ಮಾಡುತ್ತದೆ. ಆದರೆ ಮಲೇಷ್ಯಾದಲ್ಲಿ ಮಾರುವ ಅನೇಕ ಕಾರುಗಳಲ್ಲಿ ಹೀಟರೇ ಇರುವುದಿಲ್ಲ, ಇಲ್ಲಿ ಯಾರಿಗೆ ಬೇಕು? ಲಂಡನ್ನಿನಲ್ಲೋ ಟೊರಾಂಟೋದಲ್ಲೋ ಓದುತ್ತಿರುವವರಿಗೆ ಈ ಉಪಾಯ ನೆನಪಿರಲಿ; ನಿಲ್ಲಿಸಲು ಜಾಗವಿಲ್ಲದ ಕಡೆ ಒಂದೆರಡು ನಿಮಿಷ ದಾಟಿಸಬಹುದು. ನಮಗಂತೂ ಬೇಲಿಯ ಆಚೆ ನಿಂತು ಕಾಯುವುದೊಂದೇ ದಾರಿ.

ಒಬ್ಬ ಬೈಕಿನವನು ನಿಂತ. ಒಳ್ಳೆಯ ಮನುಷ್ಯ, ಕೈಯಲ್ಲಿ ನೀರಿನ ಬಾಟಲಿ. ಬಾನೆಟ್ ಎತ್ತಿಸಿ, ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ನಾನು ಇಂಗ್ಲಿಷಿನಲ್ಲಿ ಏನೋ ತೊದಲುತ್ತಿರುವಾಗ ಬೇಲಿಯ ಆಚೆಯಿಂದ ಮಗಳು ಕೂಗಿದಳು: "ಅಮ್ಮಾ, ಸೀಟಿ ಇಳಿದಿಲ್ಲ, ಮುಚ್ಚಳ ತೆಗೀಬಾರ್ದು!" ಕುಕ್ಕರಿನ ನಿಯಮ. ಮನೆಯಲ್ಲಿ ಒಲೆ ಹತ್ತಿರ ಬಂದಾಗಲೆಲ್ಲ ನಾನೇ ಹೇಳುವ ಮಾತು. ಅದನ್ನೇ ಅವಳು ಅವನಿಗೆ ಮಲಯ್‌ನಲ್ಲಿ ಹೇಳಿದಳು: "ಪನಾಸ್ ಲಾಗಿ!" ಇನ್ನೂ ಬಿಸಿ ಇದೆ ಅಂತ. ಅವನು ಕೈ ತೆಗೆದ.

ಅವಳ ಹೋಲಿಕೆ ಭೌತಶಾಸ್ತ್ರದ ಲೆಕ್ಕದಲ್ಲೂ ಸರಿ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಸೇರಿದ ಕೂಲೆಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107ಕ್ಕೆ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದಲ್ಲ, ಅದು ಒತ್ತಡದ ಲೆಕ್ಕ. 1.1ರ ಮುಚ್ಚಳ ಒತ್ತಡ ಹಿಡಿದಿಟ್ಟರೆ ಅದೇ ಕೂಲೆಂಟ್ 125 ಡಿಗ್ರಿಯ ಆಸುಪಾಸಿನವರೆಗೂ ಕುದಿಯದೆ ತಡೆಯುತ್ತದೆ. ಅಂಥ ಹೊತ್ತಿನಲ್ಲಿ ಮುಚ್ಚಳ ತಿರುಗಿಸಿದರೆ ಒತ್ತಡ ಒಮ್ಮೆಲೇ ಬೀಳುತ್ತದೆ, ಒಳಗಿರುವುದೆಲ್ಲ ಆ ಕ್ಷಣದಲ್ಲೇ ಕುದಿದು ಹಬೆಯಾಗಿ ಮುಖಕ್ಕೆ ಉಕ್ಕುತ್ತದೆ. ಬಟ್ಟೆ ಅದನ್ನು ತಡೆಯುವುದಿಲ್ಲ. ಎಂಜಿನ್ ಪೂರ್ತಿ ಆರಬೇಕು. ಅರ್ಧ ಗಂಟೆ ಸಾಲದೆಯೂ ಇರಬಹುದು. ಮೇಲಿನ ರಬ್ಬರ್ ಪೈಪನ್ನು ಬಟ್ಟೆಯಿಂದ ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಇನ್ನೂ ಒತ್ತಡ ಇದೆ ಎಂದೇ ಅರ್ಥ.

ಶಿರಾಡಿ ಘಾಟಿಯಲ್ಲಿ ಹಳೆಯ ಬಸ್ಸುಗಳು ನಿಲ್ಲುತ್ತಿದ್ದುದು ನೆನಪಾಯಿತು. ಕ್ಲೀನರ್ ಹಳ್ಳದಿಂದ ಡಬ್ಬದಲ್ಲಿ ನೀರು ತರುತ್ತಿದ್ದ, ಡ್ರೈವರ್ ಬೀಡಿ ಮುಗಿಸುವವರೆಗೂ ಅದನ್ನು ಹೊಯ್ಯುತ್ತಿರಲಿಲ್ಲ. ಅದು ಸೋಮಾರಿತನ ಅಂದುಕೊಂಡಿದ್ದೆ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ ಎಂದು ಅವನಿಗೆ ಗೊತ್ತಿತ್ತು.

ನಾವು ಕಾರನ್ನು ಓಡಿಸಿಕೊಂಡು ವಾಪಸ್ ಬರಲಿಲ್ಲ, ಎಳೆಸಿಕೊಂಡು ಬಂದೆವು. ದುಡ್ಡು ಖರ್ಚಾಯಿತು, ಹೌದು. ಆದರೆ ಕೆಂಪು ದೀಪ ಬಂದ ಮೇಲೆ 'ಇನ್ನೊಂದು ಐದು ಕಿಲೋಮೀಟರ್' ಎಂದು ಓಡಿಸಿದವರದ್ದೇ ಸಿಲಿಂಡರ್ ಹೆಡ್ ಸೊಟ್ಟಗಾಗುವುದು. ಅದಕ್ಕಿಂತ ಮೋಸದ್ದು ಇನ್ನೊಂದಿದೆ: ಕೂಲೆಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ದ್ರವದಲ್ಲಿ ಮುಳುಗಿರುವುದಿಲ್ಲ, ಮುಳ್ಳು ಕೆಳಗಿಳಿದು 'ಸರಿಯಾಯಿತು' ಎನ್ನುವಂತೆ ಕಾಣಬಹುದು. ಮೇಲೇರಿದ ಮುಳ್ಳು ತಾನಾಗಿ ಥಟ್ಟನೆ ಇಳಿದರೆ ಸಮಾಧಾನಪಡಬೇಡಿ. ಇಲ್ಲಿ ಎಲ್ಲೆಲ್ಲೂ ಕಾಣುವ ಪೆರೊಡುವಾ ಮೈವಿಯ ಹಲವು ಮಾದರಿಗಳಲ್ಲಂತೂ ಮುಳ್ಳೇ ಇಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೀಲಿ ದೀಪ, ಅತಿಯಾಗಿ ಕಾದಾಗ ಕೆಂಪು ದೀಪ, ನಡುವೆ ಏನೂ ಇಲ್ಲ.

ಇನ್ನು ಗ್ಯಾರೇಜಿನ ಕಥೆ. ಅಲ್ಲಿನ ಮೆಕ್ಯಾನಿಕ್ ತಮಿಳರು, ನಾವು ಅಣ್ಣ ಅಂತಲೇ ಕರೆಯುವುದು. ನನ್ನ ತಮಿಳು ತರಕಾರಿ ಅಂಗಡಿಯವರೆಗೆ ಸಾಕು, ಎಂಜಿನ್ನಿಗೆ ಸಾಲದು. ಎಲ್ಲಿ ನಿಂತಿತು, ಎಷ್ಟು ಹೊತ್ತು ಓಡಿತ್ತು ಎಂದೆಲ್ಲ ನಾನು ವಿವರಿಸುತ್ತಿದ್ದೆ. ಮಗಳು ಮಧ್ಯೆ ಬಾಯಿ ಹಾಕಿ "ಬೌ ಮಾನಿಸ್" ಅಂದಳು. ಸಿಹಿ ವಾಸನೆ. ಅಣ್ಣ ಬಾನೆಟ್ಟಿನಿಂದ ತಲೆ ಎತ್ತಿ, ನನ್ನನ್ನು ಬಿಟ್ಟು ಅವಳನ್ನೇ ಕೇಳಿದರು: "ಎತ್ತನೈ ನಾಳಾ?" ಎಷ್ಟು ದಿನದಿಂದ? ಅವಳು ಎರಡು ಬೆರಳು ತೋರಿಸಿ "ದುವಾ ಮಿಂಗು" ಅಂದಳು. ಎರಡು ವಾರ.

ಅವರು ನೇರವಾಗಿ ರೇಡಿಯೇಟರಿನ ಮೇಲಿನ ಪೈಪಿನ ಕಡೆ ಟಾರ್ಚ್ ಹಿಡಿದರು. ನನ್ನ ಉಳಿದ ವಿವರಗಳು ಯಾರಿಗೂ ಬೇಕಾಗಲಿಲ್ಲ.

ಎಥಿಲೀನ್ ಗ್ಲೈಕಾಲ್ ಸಿಹಿ. ಸಣ್ಣ ಬಿರುಕಿನಿಂದ ಜಿನುಗಿ ಬಿಸಿ ಎಂಜಿನ್ ಮೇಲೆ ಬಿದ್ದರೆ ಪಾಕ ಕಾಯಿಸಿದಂಥದ್ದೇ ವಾಸನೆ ಹಬೆಯ ಜೊತೆ ಏರಿ, ಗಾಳಿಯ ಕಿಂಡಿಯಿಂದ ಕಾರಿನ ಒಳಗೆ ಬರುತ್ತದೆ. ಹಾಗೆ ಆವಿಯಾಗಿ ಹೋಗುವುದರಿಂದ ನೆಲದ ಮೇಲೆ ಒಂದು ಹನಿಯೂ ಬೀಳಲಿಲ್ಲ. ಬಿದ್ದಿದ್ದರೂ ನಾವು ನೋಡುತ್ತಿರಲಿಲ್ಲ ಅನ್ನಿ. ಇಲ್ಲಿ ಪ್ರತಿ ಕಾರಿನ ಕೆಳಗೂ ಎಸಿ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ವ್ಯತ್ಯಾಸ ಸುಲಭ: ಎಸಿ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಒಣಗಿದರೆ ಗುರುತೂ ಇಲ್ಲ. ಕೂಲೆಂಟಿಗೆ ಬಣ್ಣವಿದೆ, ಮುಟ್ಟಿದರೆ ಜಾರುತ್ತದೆ, ಒಣಗಿದರೆ ಪುಡಿಯಂಥ ಕಲೆ ಉಳಿಯುತ್ತದೆ. ನಮ್ಮ ಪೈಪಿನ ಕ್ಲಿಪ್ಪಿನ ಸುತ್ತ ಅಂಥದ್ದೇ ಗುಲಾಬಿ ಕಲೆ ಕಟ್ಟಿತ್ತು. ಆರಿದ ರೇಡಿಯೇಟರಿಗೆ ಕೈಪಂಪಿನಿಂದ ಒತ್ತಡ ಕೊಟ್ಟು ನೋಡಿದಾಗ ಅಲ್ಲೇ ಹನಿ ಕಾಣಿಸಿತು. "ಬೋಚೋರ್" ಅಂದರು ಅಣ್ಣ. "ಸೋರ್ತಿದೆ" ಎಂದು ಮಗಳು ನನಗೆ ಅನುವಾದಿಸಿದಳು, ನನಗೆ ಅರ್ಥವಾಗಿರಲಿಲ್ಲ ಎನ್ನುವ ಹಾಗೆ.

ಇಲ್ಲೊಂದು ಎಚ್ಚರಿಕೆ, ಚಿಕ್ಕ ಮಕ್ಕಳಿರುವ ಮನೆಗೆ ಇದು ಉಳಿದೆಲ್ಲಕ್ಕಿಂತ ಮುಖ್ಯ. ಆ ಸಿಹಿ ವಿಷ. ಸ್ವಲ್ಪವೇ ಕುಡಿದರೂ ಮಕ್ಕಳ, ಬೆಕ್ಕು ನಾಯಿಗಳ ಮೂತ್ರಪಿಂಡ ಕೆಡಿಸಿ ಜೀವ ತೆಗೆಯಬಲ್ಲದು. ಉಳಿದ ಕೂಲೆಂಟನ್ನು ಜ್ಯೂಸ್ ಬಾಟಲಿಗೆ ಹಾಕಿ ಇಡಬೇಡಿ, ನೆಲದ ಮೇಲೆ ಚೆಲ್ಲಿದ್ದನ್ನು ನೀರು ಹಾಕಿ ತೊಳೆಯಿರಿ, 'ಕೂಲೆಂಟೋ ಅಲ್ಲವೋ' ಎಂದು ಬೆರಳಿಗೆ ಹಚ್ಚಿ ನೆಕ್ಕುವ ಹಳೆಯ ಅಭ್ಯಾಸ ಯಾರಿಗಾದರೂ ಇದ್ದರೆ ಬಿಡಿಸಿ. ಮಗು ಕುಡಿದಿರಬಹುದು ಎಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಪೈಪು ಬದಲಾಯಿಸಿದ ಮೇಲೂ ಅಣ್ಣ ಕಾರು ಕೊಡಲಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿದೆಯೋ ನೋಡಬೇಕು ಅಂದರು. ಎಂಜಿನ್ನಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವೆ ಇರುವ ತೆಳುವಾದ ಹಾಳೆ ಅದು; ಬೆಂಕಿ, ಎಣ್ಣೆ, ನೀರು ಮೂರನ್ನೂ ಒಂದಕ್ಕೊಂದು ಬೆರೆಯದ ಹಾಗೆ ಬೇರ್ಪಡಿಸುವುದು ಅದರ ಕೆಲಸ. ಅದು ಸುಟ್ಟರೆ ಎಂಜಿನ್ ಬಿಚ್ಚಬೇಕು, ಹಳೆಯ ಕಾರಾದರೆ ರಿಪೇರಿಗಿಂತ ಮಾರುವುದೇ ವಾಸಿ ಎನ್ನುವ ಮಟ್ಟಕ್ಕೆ ಹೋಗುತ್ತದೆ. ನಮ್ಮದು ಹಳೆಯ ಕಾರೇ. ರೇಡಿಯೇಟರಿನ ಬಾಯಿಗೆ ಒಂದು ಗಾಜಿನ ನಳಿಗೆ ಇಟ್ಟು, ಅದರಲ್ಲಿ ನೀಲಿ ದ್ರವ ತುಂಬಿ, ಎಂಜಿನ್ ಓಡಿಸಿ ಒಳಗಿನ ಗಾಳಿಯನ್ನು ಅದರ ಮೂಲಕ ಎಳೆಯುತ್ತಾರೆ. ಸಿಲಿಂಡರಿನ ಹೊಗೆ ಕೂಲೆಂಟಿಗೆ ನುಗ್ಗುತ್ತಿದ್ದರೆ ಅದರಲ್ಲಿನ ಇಂಗಾಲದ ಡೈಆಕ್ಸೈಡಿನಿಂದ ನೀಲಿ ಹಳದಿಯಾಗುತ್ತದೆ. ನಾವು ನಾಲ್ವರೂ ಆ ನಳಿಗೆಯನ್ನೇ ನೋಡುತ್ತ ನಿಂತೆವು. ನೀಲಿಯಾಗೇ ಉಳಿಯಿತು. ನಮ್ಮವರು ಎಲ್ಲರಿಗೂ ತೆಹ್ ತಾರಿಕ್ ಕೊಡಿಸಿದರು.

ಆ ಪರೀಕ್ಷೆ ಮಾಡಿಸುವ ಮೊದಲೇ ಮನೆಯಲ್ಲಿ ನೋಡಬಹುದಾದ ಗುರುತುಗಳಿವೆ, ಎಲ್ಲವೂ ಅಡುಗೆಮನೆಯ ಕಣ್ಣಿಗೆ ಗೊತ್ತಿರುವಂಥವು. ಎಣ್ಣೆ ಹಾಕುವ ಮುಚ್ಚಳದ ಕೆಳಗೆ, ಕಡ್ಡಿಯ ತುದಿಯಲ್ಲಿ ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಬೆರೆತಿದೆ. ಎಂಜಿನ್ ಓಡುವಾಗ ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾರು ಕುದಿಯುವಂತೆ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ ಹೊಗೆ ನುಗ್ಗುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹಬೆ ಸಿಹಿ ವಾಸನೆಯೊಂದಿಗೆ ಬರುತ್ತಿದ್ದರೆ ಸಿಲಿಂಡರಿನಲ್ಲಿ ಕೂಲೆಂಟ್ ಉರಿಯುತ್ತಿದೆ.

ಯಾವಾಗ ಕಾಯುತ್ತದೆ ಎನ್ನುವುದರಿಂದಲೂ ಬಹಳ ತಿಳಿಯುತ್ತದೆ, ಮೆಕ್ಯಾನಿಕ್ ಮೊದಲು ಕೇಳುವುದೂ ಅದನ್ನೇ. ಊರೊಳಗಿನ ಜಾಮಿನಲ್ಲಿ ಕಾದು ಹೆದ್ದಾರಿಗೆ ಹೋದ ಕೂಡಲೇ ಇಳಿದರೆ ಅನುಮಾನ ಫ್ಯಾನಿನ ಮೇಲೆ: ಮೋಟರು, ಫ್ಯೂಸು, ರಿಲೇ. ಗಾಡಿ ಓಡುವಾಗ ಗಾಳಿ ತಾನಾಗಿ ಬರುತ್ತದೆ, ನಿಂತಾಗ ಫ್ಯಾನೇ ಗತಿ. ಊರಲ್ಲಿ ಸರಿಯಿದ್ದು ಏರಿನಲ್ಲಿ, ವೇಗದಲ್ಲಿ ಕಾದರೆ ಕೂಲೆಂಟ್ ಕಡಿಮೆಯಿದೆ, ರೇಡಿಯೇಟರ್ ಕಟ್ಟಿದೆ, ಇಲ್ಲವೇ ಪಂಪೋ ಥರ್ಮೋಸ್ಟ್ಯಾಟೋ ಕೆಟ್ಟಿದೆ. ಕಾಯುವ ದೀಪದ ಜೊತೆ ಬ್ಯಾಟರಿ ದೀಪವೂ ಕೆಂಪಾದರೆ ಬೆಲ್ಟ್ ಹರಿದಿರಬಹುದು. ಅನೇಕ ಎಂಜಿನ್ನುಗಳಲ್ಲಿ ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ತಿರುಗಿಸುವುದು ಒಂದೇ ಬೆಲ್ಟು. ನೀಲಿ ದೀಪ ಎಷ್ಟು ಹೊತ್ತಾದರೂ ಆರದೇ ಇದ್ದರೆ ಥರ್ಮೋಸ್ಟ್ಯಾಟ್ ತೆರೆದೇ ಕೂತಿರಬಹುದು. ಅದು ತುರ್ತಲ್ಲ, ಪೆಟ್ರೋಲು ಮಾತ್ರ ಜಾಸ್ತಿ ಕುಡಿಯುತ್ತದೆ.

ನಮ್ಮ ತಪ್ಪೂ ಹೇಳಬೇಕು. ಹಿಂದಿನ ಸರ್ವಿಸಿನಲ್ಲಿ, ಬೇರೊಂದು ಕಡೆ, ಕಡಿಮೆಯಾಗಿದ್ದ ಕೂಲೆಂಟಿನ ಜಾಗಕ್ಕೆ ನಲ್ಲಿ ನೀರು ತುಂಬಿಸಿ ಕಳಿಸಿದ್ದರು. ಯಾಕೆ ಕಡಿಮೆಯಾಯಿತು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಇದು ಮುಚ್ಚಿದ ವ್ಯವಸ್ಥೆ, ಪೆಟ್ರೋಲಿನಂತೆ ಖರ್ಚಾಗುವಂಥದ್ದಲ್ಲ. ಪದೇ ಪದೇ ಕಡಿಮೆಯಾದರೆ ಎಲ್ಲೋ ಹೋಗುತ್ತಿದೆ. 'ಇಲ್ಲಿ ಹಿಮ ಬೀಳಲ್ಲ, ನೀರೇ ಸಾಕು' ಎನ್ನುವವರು ಇಲ್ಲಿಯೂ ಇದ್ದಾರೆ, ಬೆಂಗಳೂರಿನಲ್ಲಿಯೂ ಇದ್ದಾರೆ. ಕೂಲೆಂಟ್ ಹಿಮಕ್ಕೆ ಮಾತ್ರ ಅಲ್ಲ. ಕುದಿಯುವ ಬಿಂದು ಏರಿಸುತ್ತದೆ, ಅಲ್ಯುಮಿನಿಯಂ ಸವೆಯದಂತೆ, ಪಂಪಿನ ಒಳಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಗುಲಾಬಿ, ನೀಲಿ ಎನ್ನುವುದು ಕಂಪನಿಗಳು ಬೆರೆಸುವ ಬಣ್ಣವೇ ಹೊರತು ಮಾನಕವಲ್ಲ. ಕಾರಿನ ಪುಸ್ತಕ ಹೇಳುವ ಬಗೆಯನ್ನೇ ಹಾಕಿಸಿ. ಬೇರೆ ಬೇರೆ ಬಗೆ ಬೆರೆತರೆ ಕೆಲವೊಮ್ಮೆ ಅಂಬಲಿಯಂತೆ ಗಟ್ಟಿಯಾಗಿ ರೇಡಿಯೇಟರಿನ ಕೊಳವೆ ಕಟ್ಟುತ್ತದೆ.

ಹಳದಿ ಎಂಜಿನ್ ದೀಪದ ಬಗ್ಗೆ ಹೋದ ತಿಂಗಳು ಇಬ್ಬರು ಓದುಗರು ಕೇಳಿದ್ದರು. ಮಗನಿಗೆ ಅದು ಸಬ್‌ಮರೀನ್, ಎಣ್ಣೆಯ ದೀಪ ಅಲ್ಲಾವುದ್ದೀನನದು. ಈ ಚಿತ್ರಗಳೆಲ್ಲ ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನಕದವು, ಹಾಗಾಗಿ ಅಜ್ಜನ ಕಾರಿನಲ್ಲೂ ಇವೇ ಇರುತ್ತವೆ. ರಜೆಗೆ ಹೋದಾಗ ಮಕ್ಕಳಿಗೆ ತೋರಿಸಿ. ಕೆಂಪು ಬಂದರೆ ನಿಲ್ಲಿಸಬೇಕು. ಅಲ್ಲಾವುದ್ದೀನ ಕೆಂಪಾದರೆ ಒಂದು ನಿಮಿಷವೂ ಓಡಿಸಬಾರದು, ಎಣ್ಣೆಯ ಒತ್ತಡ ಬಿದ್ದಿದೆ. ಹಳದಿ ಬಂದರೆ ಬೇಗ ತೋರಿಸಬೇಕು. ಆದರೆ ಹಳದಿ ಎಂಜಿನ್ ದೀಪ ಮಿಣುಕುತ್ತಿದ್ದರೆ ಅದು ಬೇರೆ ಮಾತು, ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯದೆ ಹೊರಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ. ವೇಗ ಇಳಿಸಿ ಪಕ್ಕಕ್ಕೆ ಹೋಗಿ. ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಚುಚ್ಚುವ ಪುಟ್ಟ ರೀಡರ್ ಕೊಂಡರೆ ಫೋನಿನಲ್ಲಿ ಕೋಡ್ ಕಾಣುತ್ತದೆ. ಪಿ0301 ಅಂದರೆ ಒಂದನೇ ಸಿಲಿಂಡರಿನಲ್ಲಿ ಉರಿ ತಪ್ಪುತ್ತಿದೆ. ಪಿ0128 ಅಂದರೆ ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ. ಆದರೆ ಕೋಡ್ ಎಂದರೆ ದೂರು, ತೀರ್ಪಲ್ಲ. ಪಿ0128 ಕಂಡ ಕೂಡಲೇ ಥರ್ಮೋಸ್ಟ್ಯಾಟ್ ಬದಲಾಯಿಸಿ, ಆಮೇಲೆ ಕೂಲೆಂಟೇ ಕಡಿಮೆಯಿತ್ತೆಂದು ತಿಳಿದವರೂ ಇದ್ದಾರೆ.

ಈ ಅಂಕಣದಲ್ಲಿ ನಾವು ಮತ್ತೆ ಮತ್ತೆ ಆಡುವ ಅಳಲು ಒಂದಿದೆ: ಮಕ್ಕಳ ಕನ್ನಡ ಅಡುಗೆಮನೆ ದಾಟುವುದಿಲ್ಲ, ಶಾಲೆಯ ವಿಷಯಕ್ಕೆ, ಯಂತ್ರದ ವಿಷಯಕ್ಕೆ ಬಂದರೆ ಇಂಗ್ಲಿಷೋ ಮಲಯ್ಯೋ ಆಗುತ್ತದೆ. ಆ ಶನಿವಾರದ ನಂತರ ಲೆಕ್ಕ ಹಾಕಿದೆ. ಕಾಯು, ಕುದಿ, ಉಕ್ಕು, ಆರು, ಜಿನುಗು, ಸೋರು, ಹಬೆ, ಪಾಕ, ಸೀದ ವಾಸನೆ, ಕೊಳೆತ ಮೊಟ್ಟೆಯ ವಾಸನೆ. ಎಂಜಿನ್ನಿನ ಕಾಯಿಲೆ ಹೇಳಲು ಬೇಕಾದ ಶಬ್ದಗಳು ಬಹುತೇಕ ಇವೇ, ಎಲ್ಲವೂ ಮಗಳ ಬಳಿ ಇದ್ದವು. ನಾನು ಮಾತ್ರ ಅವಳ ಮಾತನ್ನು ಸುದ್ದಿಯೆಂದು ಕೇಳದೆ ಕನ್ನಡವೆಂದು ಕೇಳಿ ಅಂಕ ಕೊಡುತ್ತಿದ್ದೆ. ಅಣ್ಣನಿಗೆ ಅವಳ ಭಾಷೆ ಬೇಕಿರಲಿಲ್ಲ, ಎಷ್ಟು ದಿನದಿಂದ ಎಂಬುದು ಬೇಕಿತ್ತು.

ಈಗ ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಅಮ್ಮ ಮಕ್ಕಳು ಬೇಸ್‌ಮೆಂಟಿಗೆ ಇಳಿಯುತ್ತೇವೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಲೆಂಟ್ ಎರಡು ಗೆರೆಗಳ ನಡುವೆ ಇದೆಯೋ ನೋಡುವುದು ಮಗನ ಕೆಲಸ, ಮುಟ್ಟುವ ಹಾಗಿಲ್ಲ. ನೆಲಕ್ಕೆ ಟಾರ್ಚ್ ಬಿಡುವುದು ಮಗಳ ಕೆಲಸ. ಒಟ್ಟು ಐದು ನಿಮಿಷ.

ಕಳೆದ ವಾರ ಶಾಲೆಯಿಂದ ಬರುವಾಗ "ಅಮ್ಮಾ, ಸೀದ ವಾಸನೆ" ಅಂದಳು. ಈ ಸಲ ತಕ್ಷಣ ಪಕ್ಕಕ್ಕೆ ನಿಲ್ಲಿಸಿದೆ, ಬಾನೆಟ್ ಎತ್ತಿದೆ, ಪೈಪು ನೋಡಿದೆ, ಕಡ್ಡಿ ತೆಗೆದು ಎಣ್ಣೆ ನೋಡಿದೆ. ಏನೂ ಇಲ್ಲ. ಮಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಒಳಗೆ ಇನ್ನೊಂದು ಕೆಂಪು ದೀಪ ಉರಿಯುತ್ತಿದೆ ಎಂದ. ನೋಡಿದರೆ ಹ್ಯಾಂಡ್‌ಬ್ರೇಕ್ ಅರ್ಧ ಎತ್ತೇ ಇತ್ತು. ಶಾಲೆಯ ಗೇಟಿನಿಂದ ಹಾಗೇ ಬಂದಿದ್ದೆ.